ಮದುವೆಗೆ ಬರಲಾರೆನೆಂದ ವೈದ್ಯರು ಅಣ್ಣನ ಫೋನಿಗೆ ಉತ್ತರಿಸಿದ್ದು ಸರಿಯೇ?

ಮೊದಲ ಮಹಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೆ 52 ವರ್ಷ. ಯಜಮಾನರು ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಹನುಮಂತನಗರದ ತವರುಮನೆಗೆ ಬಂದೆ. ನಾವು ಮೊದಲ ಮಹಡಿಯಲ್ಲಿ, ಅಣ್ಣ ಅತ್ತಿಗೆ ಕೆಳಗೆ. ಮನಸ್ಸಿನ ಸ್ಥಿತಿ ಅತಿಯಾಗಿ ಏರಿಳಿಯುವ ಬೈಪೋಲಾರ್ ಕಾಯಿಲೆಗೆಂದು 2019ರಿಂದ ಜಯನಗರದ ಒಬ್ಬ ಮನೋವೈದ್ಯರನ್ನು ಕಾಣುತ್ತಿದ್ದೇನೆ. ಮೊದಲ ಸಲ ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದವನು ಅಣ್ಣನೇ. ಆಗ ನಾಲ್ಕು ರಾತ್ರಿ ಕಣ್ಣು ಮುಚ್ಚದೆ, ರೇಷ್ಮೆ ಸೀರೆಗಳನ್ನೆಲ್ಲ ಬೀರುವಿನಿಂದ ತೆಗೆದು ಬೀದಿಯಲ್ಲಿ ಸಿಕ್ಕವರಿಗೆ ಹಂಚುತ್ತಿದ್ದೆನಂತೆ. ಆ ಉಪಕಾರವನ್ನು ನಾನು ಮರೆತಿಲ್ಲ. ಕ್ಲಿನಿಕ್ಕಿನ ಫೈಲಿನ ಮೊದಲ ಪುಟದಲ್ಲಿ ಇಂದಿಗೂ ಇರುವುದು ಅವನ ಫೋನ್ ನಂಬರು.

ಈ ವರ್ಷ ಸಂಕ್ರಾಂತಿ ಕಳೆದ ಮರುವಾರ ಮಗಳ ಮದುವೆಯ ಲಗ್ನಪತ್ರಿಕೆಯನ್ನು ಅಕ್ಷತೆಯೊಂದಿಗೆ ವೈದ್ಯರಿಗೆ ಕೊಟ್ಟೆ. ನನ್ನ ತಲೆ ನೆಟ್ಟಗಿದ್ದು ನಾನು ಕನ್ಯಾದಾನಕ್ಕೆ ನಿಲ್ಲುವಂತಾದದ್ದೇ ಅವರಿಂದ ಎಂಬ ಭಾವನೆ ನನ್ನದು. ಅವರು ಪತ್ರಿಕೆಯನ್ನು ಎರಡೂ ಕೈಯಿಂದ ತೆಗೆದುಕೊಂಡು, ಪೂರ್ತಿ ಓದಿ, ಮೇಜಿನ ಮೇಲಿಟ್ಟು, "ತುಂಬ ಸಂತೋಷ, ಆದರೆ ನಾನು ರೋಗಿಗಳ ಮನೆಯ ಸಮಾರಂಭಗಳಿಗೆ ಹೋಗುವುದಿಲ್ಲ, ತಪ್ಪು ತಿಳಿಯಬೇಡಿ" ಎಂದರು. ಆರು ವರ್ಷಗಳ ಪರಿಚಯಕ್ಕೆ ಸಿಕ್ಕ ಬೆಲೆ ಇಷ್ಟೇ ಎನಿಸಿ, ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಕಣ್ಣು ತುಂಬಿತು.

ಅದಾದ ಹತ್ತು ದಿನಕ್ಕೆ, ಒಂದು ಭಾನುವಾರ ಬೆಳಿಗ್ಗೆ, ನಾವು ಮೂವರೂ ಕೆಳಗಿನ ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆವು. ಅಣ್ಣ ತಲೆ ಎತ್ತದೆಯೇ, "ಮದುವೆ ಮುಗಿದ ಮೇಲೆ ನಿನ್ನ ಪಾಲು ಮಾರಿ ಬೇರೆ ಮನೆ ಮಾಡುವ ಯೋಚನೆ ಇದೆಯಂತೆ" ಎಂದ. ಅತ್ತಿಗೆಯ ಕೈ ನಿಂತಿತು. ಈ ಮಾತನ್ನು ನಾನು ನನ್ನ ಮಗಳಿಗೂ ಹೇಳಿರಲಿಲ್ಲ. ಹೇಳಿದ್ದು ಒಬ್ಬರಿಗೆ ಮಾತ್ರ. ಕೇಳಿದಾಗ ಅಣ್ಣ ಮುಚ್ಚಿಡಲಿಲ್ಲ. ನಾನು ಹೆಚ್ಚು ಮಾತಾಡುತ್ತಿದ್ದೇನೆ ಎನಿಸಿ ಅವನೇ ಕ್ಲಿನಿಕ್ಕಿಗೆ ಫೋನ್ ಮಾಡಿದ್ದನಂತೆ. ವೈದ್ಯರು ಎರಡು ಸಂಗತಿ ಹೇಳಿದರಂತೆ. ಒಂದು, ಈ ಕಾಯಿಲೆಗೆ ಕೊಟ್ಟಿರುವ ಲಿಥಿಯಂ ಮಾತ್ರೆಯನ್ನು ನಾನು ನನ್ನಷ್ಟಕ್ಕೆ ಅರ್ಧಕ್ಕಿಳಿಸಿದ್ದೇನೆ, ನಿದ್ದೆಯ ಮೇಲೆ ಗಮನವಿರಲಿ ಎಂದು. ಇನ್ನೊಂದು, ಈ ಮನೆಯ ವಿಷಯ.

ಮಾತ್ರೆ ಇಳಿಸಿದ್ದು ನಿಜ. ನಿಶ್ಚಿತಾರ್ಥದ ದಿನ ಬೀಗಿತ್ತಿಗೆ ಕಾಫಿ ಕೊಡುವಾಗ ನನ್ನ ಕೈ ನಡುಗಿ ಲೋಟ ತಟ್ಟೆಯ ಮೇಲೆ ಕಟಕಟನೆ ಸದ್ದು ಮಾಡಿತ್ತು. ಅವರು ನನ್ನ ಕೈಯನ್ನೇ ನೋಡಿದರು. ನಡುಕ ಈ ಮಾತ್ರೆಯಿಂದಲೇ ಎಂದು ಅಂದಿನಿಂದ ಕಡಿಮೆ ಮಾಡಿದೆ, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಹೇಳಿಯೂ ಬಿಟ್ಟೆ. ನಂಬಿದ್ದರಿಂದಲೇ ಹೇಳಿದ್ದು.

ಮದುವೆ ಸಾಂಗವಾಗಿ ನಡೆಯಿತು. ಕಳೆದ ವಾರ ತಪಾಸಣೆಗೆ ಹೋದಾಗ ಅವರು "ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ" ಎಂದರು. "ಹೌದು, ಎರಡೂ" ಎಂದೆ. ಆರು ವರ್ಷಗಳಲ್ಲಿ ಅವರ ಮುಂದೆ ಹೇಳಿದ ಮೊದಲ ಸುಳ್ಳು ಅದು. ನನ್ನ ಮನೆಗೆ ಕಾಲಿಡದಷ್ಟು ಕಟ್ಟುನಿಟ್ಟಿನ ಮನುಷ್ಯ ನನ್ನ ಮಾತನ್ನು ಮಾತ್ರ ಮನೆಗೆ ಕಳಿಸಿಕೊಟ್ಟದ್ದು ಯಾವ ನ್ಯಾಯ? ವೈದ್ಯರನ್ನು ಬದಲಿಸಬೇಕೆ, ಅಥವಾ ನಾನೇ ಅತಿಯಾಗಿ ನಿರೀಕ್ಷಿಸುತ್ತಿದ್ದೇನೆಯೇ?

ನಿವೃತ್ತ ಸಮಾಜ ಕಾರ್ಯಕರ್ತೆ

ಅಕ್ಕ, ಮನೋವೈದ್ಯಕೀಯ ವಿಭಾಗಗಳಲ್ಲಿ ಸಮಾಜ ಕಾರ್ಯಕರ್ತೆಯಾಗಿ ಕೆಲಸ ಮಾಡಿದವಳು ನಾನು. ಕಾನೂನಿನ ಭಾಗವನ್ನಷ್ಟೇ ಮೊದಲು ಹೇಳಿಬಿಡುತ್ತೇನೆ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು 2018ರ ಮೇ 29ರಂದು. ಅದರ 23ನೇ ಸೆಕ್ಷನ್ ಪ್ರಕಾರ ನಿಮ್ಮ ಕಾಯಿಲೆ, ಚಿಕಿತ್ಸೆಗಳ ಕುರಿತ ಗೋಪ್ಯತೆ ನಿಮ್ಮ ಹಕ್ಕು. ಅದಕ್ಕೆ ವಿನಾಯಿತಿಗಳಿವೆ. ನಿಮ್ಮನ್ನು ನೋಡುತ್ತಿರುವ ಬೇರೆ ವೈದ್ಯರಿಗೆ ಚಿಕಿತ್ಸೆಗೆಂದು ತಿಳಿಸಬಹುದು, ಇನ್ನೊಬ್ಬರಿಗೆ ಹಾನಿಯಾಗುವುದನ್ನು ತಪ್ಪಿಸಲು ಅಥವಾ ಜೀವಕ್ಕಿರುವ ಅಪಾಯವನ್ನು ತಡೆಯಲು ತಿಳಿಸಬಹುದು, ನ್ಯಾಯಾಲಯದ ಆದೇಶವಿದ್ದರೆ ತಿಳಿಸಬೇಕಾಗುತ್ತದೆ. ನಿಮ್ಮ ಪ್ರಕರಣಕ್ಕೆ ಮುಖ್ಯವಾದದ್ದು ಇನ್ನೊಂದು ವಿನಾಯಿತಿ: "ನಾಮನಿರ್ದೇಶಿತ ಪ್ರತಿನಿಧಿ"ಗೆ, ಅಂದರೆ ಚಿಕಿತ್ಸೆಯ ವಿಷಯದಲ್ಲಿ ನಿಮಗೆ ನೆರವಾಗಿ ನಿಲ್ಲುವವರಿಗೆ, ಅವರು ತಮ್ಮ ಕರ್ತವ್ಯ ನಿರ್ವಹಿಸಲು ಅಗತ್ಯವಿರುವ ಮಾಹಿತಿಯನ್ನು ಕೊಡಬಹುದು.

ನಿಮ್ಮ ಅಣ್ಣ ಆ ಪ್ರತಿನಿಧಿಯೇ? ಫೈಲಿನಲ್ಲಿ ನಂಬರು ಇದ್ದ ಮಾತ್ರಕ್ಕೆ ಅಲ್ಲ. 14ನೇ ಸೆಕ್ಷನ್ ಅಡಿಯಲ್ಲಿ ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿ ನೀವು ಯಾರನ್ನು ನೇಮಿಸುತ್ತೀರೋ ಅವರೇ ಪ್ರತಿನಿಧಿ. ಆದರೆ ನೀವು ಯಾರನ್ನೂ ನೇಮಿಸದಿದ್ದಲ್ಲಿ ಕಾಯ್ದೆ ಬಂಧುಗಳತ್ತ ತಿರುಗುತ್ತದೆ. ಆಗ ಅಣ್ಣ ತಾನೇ ಪ್ರತಿನಿಧಿ ಎಂದು ವಾದಿಸಲು ಎಡೆ ಸಿಗುತ್ತದೆ. ಬಹುತೇಕ ಕುಟುಂಬಗಳಲ್ಲಿ ನಾನು ಕಂಡ ಎಡವಟ್ಟು ಇದೇ: ಮೊದಲ ದಿನ ಯಾರು ಕರೆತಂದರೋ ಅವರ ಹೆಸರು ಅಲ್ಲೇ ಕೂತುಬಿಡುತ್ತದೆ, ಹತ್ತು ವರ್ಷ ಕಳೆದರೂ ಯಾರೂ ಅದನ್ನು ತಿರುವಿ ನೋಡುವುದಿಲ್ಲ.

ಇಷ್ಟಾದರೂ, ಪ್ರತಿನಿಧಿ ಎಂದೇ ಒಪ್ಪಿಕೊಂಡರೂ, ಆಸ್ತಿ ಮಾರುವ ನಿಮ್ಮ ಯೋಚನೆಯನ್ನು ತಿಳಿಯುವುದು ಅವರ ಯಾವ ಕರ್ತವ್ಯಕ್ಕೆ ಬೇಕಾಗಿತ್ತು ಎಂಬ ಪ್ರಶ್ನೆಗೆ ನನಗೆ ಉತ್ತರ ಹೊಳೆಯುತ್ತಿಲ್ಲ. ಮಾತ್ರೆಯ ವಿಷಯ ಬೇರೆ, ಮನೆಯ ವಿಷಯ ಬೇರೆ. ಇನ್ನೂ ಒಂದು ಮಾತು, ಮುಂದೆ ಬೇಕಾದೀತು: ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಒಬ್ಬರನ್ನು ಬುದ್ಧಿಸ್ವಾಧೀನವಿಲ್ಲದವರು ಎಂದು ಪರಿಗಣಿಸುವಂತಿಲ್ಲ, ಸಕ್ಷಮ ನ್ಯಾಯಾಲಯ ಹಾಗೆ ಘೋಷಿಸಿದ್ದರೆ ಮಾತ್ರ ಎಂದು 3ನೇ ಸೆಕ್ಷನ್ ಹೇಳುತ್ತದೆ. ಪಾಲಿನ ಮಾತು ಬಂದಾಗ "ಅವಳಿಗೆ ತಲೆ ಸರಿಯಿಲ್ಲ" ಎಂಬ ಸೊಲ್ಲು ಮನೆಗಳಲ್ಲಿ ಎಷ್ಟು ಬೇಗ ಏಳುತ್ತದೆಂಬುದನ್ನು ನಾನು ನೋಡಿದ್ದೇನೆ.

ದೂರು ಕೊಡುವ ದಾರಿಗಳೂ ಇವೆ. ಅದಕ್ಕೂ ಮುಂಚೆ ವೈದ್ಯರನ್ನೇ ನೇರವಾಗಿ ಕೇಳಿ ಎಂಬುದು ನನ್ನ ಸಲಹೆ.

ರಾಜಾಜಿನಗರದ ತಮ್ಮ

ಅಣ್ಣನ ಕಡೆಯಿಂದ ಯಾರೂ ಮಾತಾಡುವ ಹಾಗೆ ಕಾಣುತ್ತಿಲ್ಲವಾದ್ದರಿಂದ ನಾನು ಮಾತಾಡುತ್ತೇನೆ. ನನ್ನ ಅಣ್ಣನಿಗೆ ಸ್ಕಿಜೋಫ್ರೇನಿಯಾ. ಹನ್ನೊಂದು ವರ್ಷದಿಂದ ಅವನೊಂದಿಗೆ ಇರುವವನು ನಾನೊಬ್ಬನೇ. ನಾನು ಅನ್ನಕ್ಕೆ ಏನೋ ಬೆರೆಸುತ್ತಿದ್ದೇನೆ ಎಂಬ ಅನುಮಾನ ಅವನಿಗೆ ಹುಟ್ಟಿದಾಗ, ಮೊದಲು ನಾನು ಒಂದು ತುತ್ತು ತಿಂದು ತೋರಿಸಿ, ಆಮೇಲೆ ತಟ್ಟೆಯನ್ನು ಅವನತ್ತ ಸರಿಸುತ್ತಿದ್ದೆ. ಎರಡು ತಿಂಗಳು ಹೀಗೆಯೇ ನಡೆಯಿತು. ಆ ದಿನಗಳಲ್ಲಿ ವೈದ್ಯರಿಗೆ ಫೋನ್ ಮಾಡಿ "ಅವನು ಮಾತ್ರೆ ಬಿಟ್ಟಿದ್ದಾನೆಯೇ, ಅಷ್ಟನ್ನಾದರೂ ಹೇಳಿ" ಎಂದು ಬೇಡಿಕೊಂಡಿದ್ದೇನೆ. ಆಗ ಗೋಪ್ಯತೆ ಎಂಬ ಪದವನ್ನು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ರೋಗಿಯ ಗುಟ್ಟು ಉಳಿಯಿತು, ರಾತ್ರಿ ಬಾಗಿಲ ಬಳಿ ಮಲಗಿ ಕಾಯುವವನ ಗತಿ ಏನು?

ನಮ್ಮ ವೈದ್ಯರು ಆಗ ಹೇಳಿದ ಮಾತು ಈಗ ಅರ್ಥವಾಗಿದೆ. "ನೀವು ನನಗೆ ಏನನ್ನು ಬೇಕಾದರೂ ಹೇಳಬಹುದು, ಕೇಳಿಸಿಕೊಳ್ಳಲು ನನಗೆ ಯಾವ ಅಡ್ಡಿಯೂ ಇಲ್ಲ. ಹೇಳುವುದಕ್ಕೆ ಮಾತ್ರ ಅವರ ಒಪ್ಪಿಗೆ ಬೇಕು. ಮತ್ತು ನೀವು ಫೋನ್ ಮಾಡಿದ್ದನ್ನು ನಾನು ಅವರಿಗೆ ತಿಳಿಸುತ್ತೇನೆ" ಎಂದಿದ್ದರು. ಹಾಗೆ ತಿಳಿಸಿಯೂ ತಿಳಿಸಿದರು. ಅಣ್ಣ ಒಂದು ವಾರ ನನ್ನೊಂದಿಗೆ ಮಾತು ಬಿಟ್ಟ, ಆದರೆ ವೈದ್ಯರ ಬಳಿ ಹೋಗುವುದನ್ನು ಬಿಡಲಿಲ್ಲ. ಗುಟ್ಟಾಗಿ ಮಾತಾಡಿದ್ದು ಬೇರೆ ಕಡೆಯಿಂದ ಗೊತ್ತಾಗಿದ್ದರೆ ಅದನ್ನೂ ಬಿಡುತ್ತಿದ್ದನೇನೋ.

ಆದ್ದರಿಂದ, ಅಕ್ಕ, ನಿಮ್ಮ ಅಣ್ಣ ಫೋನ್ ಮಾಡಿದ್ದನ್ನು ತಪ್ಪೆನ್ನಬೇಡಿ. ನಾಲ್ಕು ರಾತ್ರಿ ನಿದ್ದೆಯಿಲ್ಲದ ನಿಮ್ಮನ್ನು ಒಮ್ಮೆ ಕಂಡವರು ಅವರು. ಮತ್ತೆ ಹಾಗಾದೀತೆಂಬ ಹೆದರಿಕೆ ಅವರಿಗೆ ಇದ್ದೇ ಇರುತ್ತದೆ. ಆ ಹೆದರಿಕೆಯ ಜೊತೆಗೆ ಪಾಲಿನ ಲೆಕ್ಕಾಚಾರವೂ ಸೇರಿಕೊಂಡಿತೇ ಎಂಬುದು ನಿಮಗೇ ಗೊತ್ತು.

ಹೆಸರು ಬೇಡ

ಲಗ್ನಪತ್ರಿಕೆಯ ವಿಷಯಕ್ಕೆ ಮಾತ್ರ ಬರೆಯುತ್ತೇನೆ. ಬರಲಾರೆ ಎಂದ ವೈದ್ಯರು ಸಿಕ್ಕಿದ್ದು ನಿಮ್ಮ ಪುಣ್ಯ ಎನ್ನುವುದು ನನ್ನ ಅನುಭವ.

ಕೆಲವು ವರ್ಷಗಳ ಹಿಂದೆ, ತೀವ್ರ ಖಿನ್ನತೆಯಲ್ಲಿದ್ದಾಗ, ಈ ನಗರದಲ್ಲೇ ಒಬ್ಬರ ಬಳಿ ಹೋಗುತ್ತಿದ್ದೆ. ಮೊದಲು ಅವರು ನನ್ನ ಸಮಯವನ್ನು ದಿನದ ಕೊನೆಗೆ ಬದಲಿಸಿದರು, ನಿಧಾನವಾಗಿ ಮಾತಾಡಬಹುದು ಎಂದರು. ಆಮೇಲೆ ಫೀಸು ಬೇಡವೆಂದರು. ನಾನು ಅದನ್ನು ದೊಡ್ಡತನವೆಂದೇ ತಿಳಿದು ದೇವರಿಗೆ ದೀಪ ಹಚ್ಚಿದೆ. ಮೂರನೆಯ ತಿಂಗಳಿಗೆ ಮಾತಾಡುತ್ತಿದ್ದವರು ಅವರು, ಕೇಳುತ್ತಿದ್ದವಳು ನಾನು. ಅವರ ದಾಂಪತ್ಯ, ಅವರ ಒಂಟಿತನ. "ಕ್ಲಿನಿಕ್ಕಿನಲ್ಲಿ ಬೇಡ, ಗಾಂಧಿಬಜಾರಿನ ಕಡೆ ಎಲ್ಲಾದರೂ ಕಾಫಿ ಕುಡಿಯೋಣ" ಎಂದ ದಿನ ಕಾಂಪೌಂಡರ್ ಮನೆಗೆ ಹೋಗಿದ್ದ, ಹೊರಗಿನ ಕೋಣೆಯ ದೀಪ ಆರಿತ್ತು. ಆ ಆರಿದ ದೀಪ ಕಂಡಾಗಲೇ ನನಗೆ ಹೊಳೆದದ್ದು. ಮತ್ತೆ ಹೋಗಲಿಲ್ಲ. ಇನ್ನೊಬ್ಬ ವೈದ್ಯರ ಬಾಗಿಲು ತಟ್ಟಲು ಎರಡು ವರ್ಷ ಹಿಡಿಯಿತು.

ನಾನೂ ನಗುತ್ತಾ ಮಾತಾಡಿದ್ದೆನಲ್ಲ, ನನ್ನದೂ ತಪ್ಪಿರಬಹುದೇ ಎಂದು ಬಹಳ ದಿನ ಕೊರಗಿದ್ದೇನೆ. ವೈದ್ಯರು ಮತ್ತು ರೋಗಿಗಳ ನಡುವಿನ ಲೈಂಗಿಕ ಎಲ್ಲೆಗಳ ಬಗ್ಗೆ 2011ರಲ್ಲಿ ಬೆಂಗಳೂರಿನಲ್ಲೇ ವೈದ್ಯರ ಗುಂಪೊಂದು ಮಾರ್ಗಸೂಚಿಯನ್ನು ರೂಪಿಸಿದೆ ಎಂಬುದು ತಿಳಿದದ್ದು ಆಮೇಲೆ. ರೋಗಿ ಒಪ್ಪಿದರೂ, ರೋಗಿಯೇ ಮುಂದಾದರೂ, ಎಲ್ಲೆ ಕಾಯುವ ಹೊಣೆ ವೈದ್ಯರದೇ ಎಂಬುದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಆ ಎರಡು ವರ್ಷ ಉಳಿಯುತ್ತಿತ್ತು.

ಮನೋವೈದ್ಯ, ಬಸವನಗುಡಿ

ಇಪ್ಪತ್ತೆರಡು ವರ್ಷಗಳಿಂದ ಈ ವೃತ್ತಿಯಲ್ಲಿದ್ದೇನೆ. ನಿಮ್ಮ ವೈದ್ಯರು ಯಾರೆಂದು ನನಗೆ ತಿಳಿಯದು, ತಿಳಿಯುವುದೂ ಬೇಡ. ಆದರೆ ಅವರ ಎರಡು ನಡೆಗಳಲ್ಲಿ ಒಂದನ್ನು ನಾನು ಸಮರ್ಥಿಸುತ್ತೇನೆ, ಇನ್ನೊಂದನ್ನು ಸಮರ್ಥಿಸಲಾರೆ.

ಮೊದಲು ಮದುವೆ. ಅವರು ಬಂದಿದ್ದರೆಂದೇ ಇಟ್ಟುಕೊಳ್ಳಿ. ಊಟದ ಪಂಕ್ತಿಯಲ್ಲಿ ಪಕ್ಕ ಕೂತ ನಿಮ್ಮ ಬೀಗರು "ತಾವು ಹೆಣ್ಣಿನ ಕಡೆಗೆ ಏನಾಗಬೇಕು" ಎಂದು ಕೇಳುತ್ತಾರೆ, ನಮ್ಮಲ್ಲಿ ಕೇಳದೆ ಬಿಡುವುದಿಲ್ಲ. ವೈದ್ಯರು ಎಂದರೆ ಯಾವ ವೈದ್ಯರು ಎಂಬುದು ಮುಂದಿನ ಪ್ರಶ್ನೆ. ನಿಶ್ಚಿತಾರ್ಥದ ದಿನ ಕೈ ನಡುಗಿದ್ದನ್ನು ನೋಡಿದವರಿಗೆ ಆ ಎರಡು ಉತ್ತರಗಳನ್ನು ಜೋಡಿಸಿಕೊಳ್ಳಲು ಎಷ್ಟು ಹೊತ್ತು ಬೇಕು? ಸುಳ್ಳು ಹೇಳಬೇಕು, ಇಲ್ಲವೇ ನಿಮ್ಮ ಗುಟ್ಟನ್ನು ಬಡಿಸಬೇಕು. ನನ್ನ ಮೊದಲ ವರ್ಷಗಳಲ್ಲಿ ನಾನು ಒಂದು ಗೃಹಪ್ರವೇಶಕ್ಕೆ ಹೋಗಿ, ಹಾಲು ಉಕ್ಕಿಸುವ ಹೊತ್ತಿಗೆ ಇಂಥದೇ ಪ್ರಶ್ನೆಗೆ ಸಿಕ್ಕಿಕೊಂಡು, "ಇನ್ಷೂರೆನ್ಸ್" ಎಂದು ತೊದಲಿದ್ದೇನೆ. ಆಮೇಲೆ ಯಾರೋ ಪಾಲಿಸಿ ಕೇಳಿದರು ಎಂಬುದು ಬೇರೆ ಮಾತು.

ಆದರೆ ನಿರಾಕರಿಸುವಾಗ ಕಾರಣವನ್ನು ಹೇಳಬೇಕಿತ್ತು. "ಹೋಗುವುದಿಲ್ಲ" ಎಂಬ ನಿಯಮವನ್ನಷ್ಟೇ ಕೇಳಿದವರಿಗೆ ಅದು ತಿರಸ್ಕಾರದಂತೆ ಕಾಣುವುದು ಸಹಜ. ಗುಟ್ಹೈಲ್ ಮತ್ತು ಗ್ಯಾಬರ್ಡ್ ಎಂಬ ಅಮೆರಿಕದ ಇಬ್ಬರು ಮನೋವೈದ್ಯರು 1993ರಲ್ಲಿ ಬರೆದ ಲೇಖನವೊಂದರಲ್ಲಿ ಎಲ್ಲೆ ದಾಟುವುದಕ್ಕೂ ಎಲ್ಲೆ ಮುರಿಯುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿದ್ದಾರೆ. ಅಳುತ್ತಿರುವವರಿಗೆ ನೀರಿನ ಲೋಟ ಎತ್ತಿಕೊಡುವುದು, ನೀವು ತಂದ ಎರಡು ಮಾವಿನಹಣ್ಣನ್ನು ತೆಗೆದುಕೊಳ್ಳುವುದು ದಾಟುವಿಕೆ. ಅದರಿಂದ ರೋಗಿಗೆ ಕೇಡಾಗುವುದಿಲ್ಲ, ಕೆಲವೊಮ್ಮೆ ಒಳ್ಳೆಯದೇ ಆಗುತ್ತದೆ. "ಹೆಸರು ಬೇಡ" ಎಂದವರಿಗೆ ಆದದ್ದು ಮುರಿಯುವಿಕೆ. ಅಲ್ಲಿಯೂ ಮೊದಲ ಹೆಜ್ಜೆಗಳು ಸಮಯದ ಬದಲಾವಣೆ, ಫೀಸಿನ ರಿಯಾಯಿತಿಯಂಥ ಚಿಕ್ಕವೇ ಆಗಿದ್ದವು ಎಂಬುದನ್ನು ಗಮನಿಸಿ. ನಮ್ಮಲ್ಲಿ ಅನೇಕರು ಕಟ್ಟುನಿಟ್ಟಾಗಿರುವುದು ಈ ಕಾರಣಕ್ಕೆ.

ನಮ್ಮ ನೆಲದಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಭಾರತದ ಮನೋವೈದ್ಯ ಡಾ. ಜೆ.ಎಸ್. ನೇಕಿ ಅವರು 1973ರಲ್ಲಿ, ಗುರು-ಚೇಲ ಸಂಬಂಧ ಮನೋಚಿಕಿತ್ಸೆಗೆ ಮಾದರಿಯಾಗಬಹುದೇ ಎಂಬ ಪ್ರಶ್ನೆಯನ್ನು ಎತ್ತಿದ್ದರು. ರೋಗಿ ವೈದ್ಯರನ್ನು ಹಿರಿಯರೆಂದು, ದಾರಿ ತೋರುವವರೆಂದು ಕಾಣುವ ನಮ್ಮ ರೂಢಿಯಲ್ಲಿ ಗುಣಪಡಿಸುವ ಶಕ್ತಿ ಇದೆ, ನಿಜ. ನನ್ನ ಆಕ್ಷೇಪವೇನೆಂದರೆ, ಗುರುವನ್ನು ಶಿಷ್ಯ ಪ್ರಶ್ನಿಸುವುದಿಲ್ಲ. ವೈದ್ಯನನ್ನು ರೋಗಿ ಪ್ರಶ್ನಿಸಲೇಬೇಕು. ನೀವು ಸುಳ್ಳು ಹೇಳಿ ಎದ್ದು ಬಂದದ್ದು ಆ ಪ್ರಶ್ನೆ ಗಂಟಲಲ್ಲೇ ಉಳಿದದ್ದರಿಂದ.

ಈಗ ಫೋನು. ನನ್ನ ಕೋಣೆಯಲ್ಲಿ ಮೇಜಿನ ಆಚೆ ಮೂರು ಕುರ್ಚಿಗಳಿವೆ. ಬೆಂಗಳೂರಿನ ಯಾವ ಮನೋವೈದ್ಯರ ಕೋಣೆಯಲ್ಲೂ ಒಂದೇ ಕುರ್ಚಿ ಇರುವುದನ್ನು ನಾನು ಕಂಡಿಲ್ಲ. ರೋಗಿಯ ಜೊತೆ ಮನೆಯವರು ಬಂದೇ ಬರುತ್ತಾರೆ, ಬರಬೇಕು ಕೂಡ. ಅವರಿಲ್ಲದೆ ನಮ್ಮ ಚಿಕಿತ್ಸೆ ನಡೆಯುವುದಿಲ್ಲ. ಹೀಗಾಗಿ ಮನೆಯವರೊಂದಿಗೆ ಮಾತಾಡುವುದು ನಮಗೆ ಎಷ್ಟು ಅಭ್ಯಾಸವಾಗಿದೆಯೆಂದರೆ, ಫೋನಿನ ಆಚೆಯಿಂದ "ನಾನು ಅಣ್ಣ" ಎಂಬ ದನಿ ಬಂದರೆ ರೋಗಿಯ ಒಪ್ಪಿಗೆ ಇದೆಯೇ ಎಂದು ಕೇಳಿಕೊಳ್ಳುವುದೇ ಮರೆತುಹೋಗುತ್ತದೆ. ನಾನೂ ಮರೆತಿದ್ದೇನೆ.

ಅವರ ತಲೆಯಲ್ಲಿ ಏನಿದ್ದಿರಬಹುದೆಂದು ಊಹಿಸಬಲ್ಲೆ. ಬೈಪೋಲಾರ್ ಇರುವವರಲ್ಲಿ ದೊಡ್ಡ ಹಣಕಾಸಿನ ನಿರ್ಧಾರ, ಮನೆ ಮಾರುವ ಮಾತು, ಕಾಯಿಲೆ ಏರುತ್ತಿರುವ ಸೂಚನೆಯಾಗಿರಬಹುದು. ಲಿಥಿಯಂ ಇಳಿದಿರುವಾಗ, ಮಾತು ಹೆಚ್ಚಾಗಿದೆ ಎಂದು ಅಣ್ಣ ಹೇಳುತ್ತಿರುವಾಗ, ಮೂರನ್ನೂ ಕೂಡಿಸಿ ಅವರು ಗಾಬರಿಯಾಗಿರಬಹುದು. ಮಾತ್ರೆಯ ಬಗ್ಗೆ ಎಚ್ಚರಿಸಿದ್ದು ಆ ಗಾಬರಿಗೆ ಒಪ್ಪುತ್ತದೆ, ಅದನ್ನೂ ಮೊದಲು ನಿಮಗೆ ಫೋನ್ ಮಾಡಿ "ಅಣ್ಣನಿಗೆ ಇಷ್ಟು ಹೇಳಲೇ" ಎಂದು ಕೇಳಿ ಮಾಡಬಹುದಿತ್ತು. ಆದರೆ ಮಗಳ ಮದುವೆಯಾದ ಮೇಲೆ ಬೇರೆ ಮನೆಯಲ್ಲಿ ಇರಬೇಕೆನಿಸುವುದು ವಿಧವೆಯೊಬ್ಬರಿಗೆ ಬರಬಹುದಾದ ಸಾಮಾನ್ಯ ಯೋಚನೆ. ಅದು ಕಾಯಿಲೆಯೋ ಅಲ್ಲವೋ ಎಂಬುದನ್ನು ನಿಮ್ಮನ್ನೇ ಕೇಳಿ, ನಿಮ್ಮ ನಿದ್ದೆ, ಮಾತು, ಖರ್ಚುಗಳನ್ನು ನೋಡಿ ತೀರ್ಮಾನಿಸಬೇಕಿತ್ತು. ಆ ಆಸ್ತಿಯಲ್ಲಿ ಪಾಲುದಾರನಾಗಿರುವವನಿಗೆ ಹೇಳಿ ತೀರ್ಮಾನಿಸುವುದಲ್ಲ. ಅದು ತಪ್ಪು.

ಕೊನೆಯದಾಗಿ, ಇದೇ ತುರ್ತಿನದು: ನೀವು ಹೇಳಿದ ಸುಳ್ಳು. ಲಿಥಿಯಂ ರಕ್ತದಲ್ಲಿ ಇರಬೇಕಾದ ಮಟ್ಟದ ಅಂತರ ಬಹಳ ಕಿರಿದು. ಕಡಿಮೆಯಾದರೆ ಕಾಯಿಲೆ ಮರುಕಳಿಸಬಹುದು, ಹೆಚ್ಚಾದರೆ ವಿಷವಾಗುತ್ತದೆ. ನೀವು ಎರಡು ತೆಗೆದುಕೊಳ್ಳುತ್ತಿದ್ದೀರೆಂದು ನಂಬಿರುವ ವೈದ್ಯರು, ಪರೀಕ್ಷೆಯಲ್ಲಿ ಮಟ್ಟ ಕಡಿಮೆ ಬಂದರೆ ಮೂರಕ್ಕೆ ಏರಿಸಬಹುದು. ಅಷ್ಟರಲ್ಲಿ ನೀವು ಮನಸ್ಸು ಬದಲಿಸಿ ಬರೆದಷ್ಟನ್ನೂ ನುಂಗತೊಡಗಿದರೆ? ಕೈ ನಡುಕಕ್ಕೆ ಪ್ರಮಾಣ ಹೊಂದಿಸುವುದು, ನಡುಕ ತಗ್ಗಿಸುವ ಬೇರೆ ಮಾತ್ರೆ ಸೇರಿಸುವುದು, ಹೀಗೆ ಪರಿಹಾರಗಳಿವೆ. ವೈದ್ಯರನ್ನು ಬದಲಿಸುವುದಿದ್ದರೂ ಸರಿ, ಬದಲಿಸುವ ಮೊದಲು ಇದೊಂದನ್ನು ನಿಜ ಹೇಳಿ.

ಮೊದಲ ಮಹಡಿ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಮೊನ್ನೆ ಶನಿವಾರ ಹೋಗಿದ್ದೆ. ಹೇಳಬೇಕಾದದ್ದನ್ನು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಅದನ್ನೇ ಓದಿದೆ. ತಲೆ ಎತ್ತಿ ಹೇಳುವ ಧೈರ್ಯ ಇರಲಿಲ್ಲ. ಮೊದಲು ಮಾತ್ರೆಯ ಸುಳ್ಳು, ಆಮೇಲೆ ಅವರೆಕಾಯಿಯ ಭಾನುವಾರ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮನೆಯ ವಿಷಯ ಹೇಳಿದ್ದು ತಮ್ಮ ತಪ್ಪು ಎಂದರು. ಸುತ್ತಿ ಬಳಸಿ ಹೇಳಲಿಲ್ಲ. ಮಾತ್ರೆಯ ವಿಷಯಕ್ಕೆ ಮಾತ್ರ ಒಪ್ಪಲಿಲ್ಲ. ಅಂಥದೇ ಸಂದರ್ಭ ಬಂದರೆ ಮತ್ತೆಯೂ ಹೇಳುತ್ತೇನೆ, ಆದರೆ ಮೊದಲು ನಿಮಗೆ ಫೋನ್ ಮಾಡುತ್ತೇನೆ ಎಂದರು. ನಾನು ಅದಕ್ಕೆ ಪೂರ್ತಿ ಒಪ್ಪಿದ್ದೇನೆಂದು ಹೇಳಲಾರೆ. ಅಣ್ಣನ ನಂಬರನ್ನು ನನ್ನ ಮುಂದೆಯೇ ಹೊಡೆದುಹಾಕಿದರು. ಲಗ್ನಪತ್ರಿಕೆಯ ಮಾತನ್ನು ನಾನು ಎತ್ತಲಿಲ್ಲ. ಬೀಗರ ಪ್ರಶ್ನೆಯನ್ನು ಇಲ್ಲಿ ಓದಿದ ಮೇಲೆ ಆ ನೋವು ಹೋಗಿದೆ. ಅಂಥ ಪ್ರಶ್ನೆ ಬಂದಿದ್ದರೆ ನನ್ನ ಮಗಳ ಮುಖ ಹೇಗಾಗುತ್ತಿತ್ತೆಂದು ಊಹಿಸಿಯೇ ಬೆವರಿದೆ.

ರಕ್ತ ಪರೀಕ್ಷೆಗೆ ಬರೆದಿದ್ದಾರೆ. ರಾತ್ರಿ ಮಾತ್ರೆ ತೆಗೆದುಕೊಂಡ ಹನ್ನೆರಡು ಗಂಟೆಗೆ ಸರಿಯಾಗಿ ಕೊಡಬೇಕಂತೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಹೋಗುತ್ತೇನೆ. ಇವರನ್ನೇ ಮುಂದುವರಿಸುವೆನೋ ಇಲ್ಲವೋ ಇನ್ನೂ ತೀರ್ಮಾನಿಸಿಲ್ಲ.

ಸಮಾಜ ಕಾರ್ಯಕರ್ತೆಯವರಲ್ಲಿ ಒಂದು ಪ್ರಶ್ನೆ. ಪ್ರತಿನಿಧಿಯ ಹೆಸರನ್ನು ಬರೆದುಕೊಡಿ ಎಂದು ವೈದ್ಯರೂ ಹೇಳಿದರು. ಮಗಳು ಹೊಸ ಮನೆಗೆ ಹೋದವಳು, ಅವಳ ಮೇಲೆ ಈಗಲೇ ಇದನ್ನು ಹೊರಿಸಲು ಮನಸ್ಸಿಲ್ಲ. ಮೂವತ್ತು ವರ್ಷದ ಗೆಳತಿಯೊಬ್ಬಳು ಎರಡು ಬೀದಿ ಆಚೆ ಇದ್ದಾಳೆ. ರಕ್ತಸಂಬಂಧಿಯೇ ಆಗಬೇಕೆ?

ನಿವೃತ್ತ ಸಮಾಜ ಕಾರ್ಯಕರ್ತೆ

ಆಗಬೇಕಿಲ್ಲ, ಅಕ್ಕ. ಅವರು ವಯಸ್ಕರಾಗಿರಬೇಕು, ಕೆಲಸ ನಿಭಾಯಿಸಬಲ್ಲವರಾಗಿರಬೇಕು, ತಾವು ಒಪ್ಪಿದ್ದೇವೆಂದು ವೈದ್ಯರಿಗೆ ಬರೆದುಕೊಡಬೇಕು, ಅಷ್ಟೇ. ನಿಮಗೆ ಮುಂದೆ ಬೇಡವೆನಿಸಿದರೆ ಯಾವಾಗ ಬೇಕಾದರೂ ಹೆಸರು ಬದಲಿಸಬಹುದು. ಬರೆದದ್ದರ ಒಂದು ಪ್ರತಿಯನ್ನು ನಿಮ್ಮ ಬಳಿಯೂ ಇಟ್ಟುಕೊಳ್ಳಿ, ಕೆಳಗಿನ ಮನೆಯ ಬೀರುವಿನಲ್ಲಿ ಮಾತ್ರ ಬೇಡ.